ಸಸ್ಯಜನ್ಯ ಮುಖಮಾರ್ಜಕ

ಮುಖದ ಮೇಲಿನ ಜಿಡ್ಡು, ಧೂಳು, ಬೆವರು ಹಾಗೂ ಪ್ರಸಾಧನಗಳ ಶೇಷವನ್ನು ತೆಗೆಯಲು ಬಳಸುವ, ಸಸ್ಯಮೂಲದ ಪದಾರ್ಥಗಳಿಂದ ತಯಾರಾದ ಶುಚಿಕಾರಕವನ್ನು ಸಸ್ಯಜನ್ಯ ಮುಖಮಾರ್ಜಕ ಎನ್ನುತ್ತಾರೆ. ಕಡಲೆಹಿಟ್ಟು, ಹೆಸರುಹಿಟ್ಟು ಮತ್ತು ಅಂಟುವಾಳ ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಅಂಗಡಿಗಳಲ್ಲಿ ದೊರೆಯುವ ಫೇಸ್‌ವಾಶ್‌ಗಳಲ್ಲಿ ಸಾಮಾನ್ಯವಾಗಿ ತೆಂಗಿನೆಣ್ಣೆ ಅಥವಾ ತಾಳೆ ಎಣ್ಣೆಯಿಂದ ಪಡೆದ ರಾಸಾಯನಿಕಗಳಿರುತ್ತವೆ.

ಕಾರ್ಯವಿಧಾನ

ಬರಿಯ ನೀರು ಜಿಡ್ಡನ್ನು ಕರಗಿಸಲಾರದು. ಒಂದು ತುದಿ ನೀರಿಗೂ ಮತ್ತೊಂದು ತುದಿ ಎಣ್ಣೆಗೂ ಅಂಟುವ ಸರ್ಫ್ಯಾಕ್ಟಂಟ್ ಅಣುಗಳು ಜಿಡ್ಡನ್ನು ಸುತ್ತುವರಿದು ನೀರಿನೊಡನೆ ಸಾಗಿಸುತ್ತವೆ. ಅಂಟುವಾಳದ ಕಾಯಿಯಲ್ಲಿ ಈ ಕೆಲಸವನ್ನು ಸ್ಯಾಪೊನಿನ್‌ಗಳು ಮಾಡುತ್ತವೆ. ನೊರೆ ಬರುವುದೂ ಅವುಗಳಿಂದಲೇ. ಈ ಮರದ ಕುಲನಾಮವಾದ 'ಸಪಿಂಡಸ್' ಎಂಬುದು 'ಭಾರತದ ಸಾಬೂನು' ಎಂಬರ್ಥದ ಲ್ಯಾಟಿನ್ ಪದಗಳಿಂದ ಬಂದಿದೆ. ಕಡಲೆಹಿಟ್ಟಿನ ಕ್ರಮ ಬೇರೆ. ಅದು ಜಿಡ್ಡನ್ನು ಹೀರಿಕೊಂಡು, ತೊಳೆದಾಗ ಅದರೊಡನೆ ಹೋಗುತ್ತದೆ. ತರಿಯಾದ ಹಿಟ್ಟಿನಿಂದ ಬಲವಾಗಿ ಉಜ್ಜಿದರೆ ಚರ್ಮ ತರಚುತ್ತದೆ.

ಸಸ್ಯಮೂಲ ಮತ್ತು ಸೌಮ್ಯತೆ

'ಸಸ್ಯಜನ್ಯ' ಎಂಬ ಮಾತು ಪದಾರ್ಥದ ಮೂಲವನ್ನು ತಿಳಿಸುತ್ತದೆಯೇ ಹೊರತು ಅದರ ಸೌಮ್ಯತೆಯನ್ನಲ್ಲ. ತೆಂಗಿನೆಣ್ಣೆಯಿಂದಲೇ ಸೋಡಿಯಂ ಲಾರಿಲ್ ಸಲ್ಫೇಟನ್ನೂ ತಯಾರಿಸಬಹುದು, ಡೆಸೈಲ್ ಗ್ಲುಕೋಸೈಡನ್ನೂ ತಯಾರಿಸಬಹುದು. ಮೊದಲನೆಯದನ್ನು ಚರ್ಮದ ಕೆರಳಿಕೆಯನ್ನು ಅಧ್ಯಯನ ಮಾಡುವ ಪ್ರಯೋಗಗಳಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸುತ್ತಾರೆ. ಎರಡನೆಯದು ಸೌಮ್ಯವಾದುದೆಂದು ಪರಿಗಣಿತವಾಗಿದೆ. ಸಸ್ಯದ ಎಣ್ಣೆಗಳಿಂದ ಮಾಡಿದ ಸಾಬೂನಿನ ಪಿಎಚ್ ಕೂಡ ಸುಮಾರು 9ರಿಂದ 10ರಷ್ಟಿದ್ದು, ಚರ್ಮದ ಮೇಲ್ಪದರವು ಸಾಮಾನ್ಯವಾಗಿ 4ರಿಂದ 6ರ ನಡುವೆ ಆಮ್ಲೀಯವಾಗಿರುತ್ತದೆ. ತೊಳೆದ ಬಳಿಕ ಮುಖ ಬಿಗಿದಂತಾಗುವುದನ್ನು ಹಲವರು ಶುಚಿತ್ವದ ಗುರುತೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಶುಷ್ಕತೆಯ ಲಕ್ಷಣ.

ಸುವಾಸನೆಗಾಗಿ ಸೇರಿಸುವ ಸಸ್ಯತೈಲಗಳಲ್ಲಿನ ಲಿಮೊನೀನ್, ಲಿನಲೂಲ್‌ಗಳು ಗಾಳಿಯೊಡನೆ ವರ್ತಿಸಿ ಅಲರ್ಜಿಕಾರಕಗಳಾಗಬಲ್ಲವು. ಮನೆಮದ್ದಾಗಿ ಹಚ್ಚುವ ನಿಂಬೆರಸವು ಬಿಸಿಲು ತಾಗಿದಾಗ ಸುಟ್ಟಂತಹ ಕಲೆಗಳನ್ನು ಉಂಟುಮಾಡಬಹುದು.

ಬಳಕೆ

ಹೊಸ ಮಾರ್ಜಕವನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡುವುದು ವಾಡಿಕೆ. ಅದೇ ವಾರ ಬೇರೊಂದು ಹೊಸ ಲೇಪವನ್ನು ಆರಂಭಿಸಿದರೆ ತುರಿಕೆಗೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ದಿನಕ್ಕೆ ಎರಡು ಬಾರಿ ಉಗುರುಬೆಚ್ಚಗಿನ ನೀರಿನಿಂದ ತೊಳೆದರೆ ಸಾಕು. ಒಣಚರ್ಮದವರಿಗೆ ರಾತ್ರಿ ಒಮ್ಮೆ ಮಾತ್ರವೂ ಆದೀತು. ತೊಳೆದ ಕೂಡಲೇ ತೇವಕಾರಕವನ್ನು ಹಚ್ಚಬಹುದು. ಉರಿ, ಊತ ಅಥವಾ ದದ್ದು ಕಂಡರೆ ಬಳಕೆಯನ್ನು ನಿಲ್ಲಿಸಬೇಕು. ಅವು ಇಳಿಯದಿದ್ದರೆ ಚರ್ಮವೈದ್ಯರನ್ನು ಕಾಣಬೇಕು.

ನೀರಿನಲ್ಲಿ ಕಲಸಿದ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುವುದರಿಂದ ಅದನ್ನು ಆಗಿಂದಾಗಲೇ ಬಳಸಿ ಮುಗಿಸಬೇಕು. ಅಂಟುವಾಳದ ನೊರೆ ಕಣ್ಣಿಗೆ ಬಿದ್ದರೆ ತೀವ್ರ ಉರಿಯಾಗುತ್ತದೆ. ಆಗ ಕಣ್ಣನ್ನು ಶುದ್ಧ ನೀರಿನಿಂದ ಧಾರಾಳವಾಗಿ ತೊಳೆಯಬೇಕು.