ಉರಿಯೂತ ತಾನಾಗಿ ಇಳಿಯುವುದಿಲ್ಲ

ಪುಣೆಯ ಗಣೇಶಖಿಂಡ್‌ನಲ್ಲಿ, ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಆವರಣದಲ್ಲಿ, ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವಿದೆ. ಪ್ರಾಣಿಗಳ ಕೋಶಗಳನ್ನು ಬೆಳೆಸಿ ಕೊಡಲೆಂದು 1986ರಲ್ಲಿ ಹುಟ್ಟಿದ ಸಂಸ್ಥೆ. ಇಲ್ಲಿನ ಕೋಶ ಭಂಡಾರದಿಂದ ದೇಶದ ಪ್ರಯೋಗಾಲಯಗಳಿಗೆ ಹೋಗುವ ಕೋಶಗಳಲ್ಲಿ ‘ರಾ 264.7’ ಎಂಬುದೊಂದು. 1970ರ ದಶಕದಲ್ಲಿ ಇಲಿಯೊಂದರ ಗಡ್ಡೆಯಿಂದ ತೆಗೆದ ಈ ಕೋಶ ಇಂದಿಗೂ ತಟ್ಟೆಗಳಲ್ಲಿ ವಿಭಜನೆಗೊಂಡು ಬೆಳೆಯುತ್ತಲೇ ಇದೆ. ಅದು ಮ್ಯಾಕ್ರೋಫೇಜ್, ಅಂದರೆ ಬಿಳಿ ರಕ್ತಕಣಗಳ ಬಳಗಕ್ಕೆ ಸೇರಿದ ಭಕ್ಷಕ ಕೋಶ.

ನಮ್ಮ ಗಿಡಮೂಲಿಕೆಗಳಿಗೆ ಉರಿಯೂತ ತಗ್ಗಿಸುವ ಗುಣವಿದೆಯೇ ಎಂದು ಪರೀಕ್ಷಿಸುವವರು ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ಬ್ಯಾಕ್ಟೀರಿಯಾದ ಹೊರಕವಚದ ಅಂಶವೊಂದನ್ನು ತಟ್ಟೆಗೆ ಹಾಕಿದರೆ ಸಾಕು, ಕೋಶಗಳು ಕೆರಳಿ ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಆ ದ್ರವಕ್ಕೆ ಗ್ರೀಸ್ ದ್ರಾವಣ ಬೆರೆಸಿದಾಗ ಗುಲಾಬಿ ಬಣ್ಣ ಏಳುತ್ತದೆ. ಮೂಲಿಕೆಯ ಸಾರ ಹಾಕಿದ ತಟ್ಟೆಯಲ್ಲಿ ಬಣ್ಣ ತಿಳಿಯಾದರೆ ಸಾರ ಕೆಲಸ ಮಾಡಿತೆಂದು ಲೆಕ್ಕ. ಒಳ್ಳೆಯ ಪರೀಕ್ಷೆಯೇ. ಆದರೆ ಅದು ಹೇಳುವುದು ಉರಿಯೂತ ಹೊತ್ತಿಕೊಳ್ಳುವ ಕಥೆಯನ್ನು ಮಾತ್ರ. ಆರಿಸುವುದು ಬೇರೆಯೇ ಕೆಲಸ, ಅದನ್ನು ಮಾಡುವವೂ ಬಿಳಿ ರಕ್ತಕಣಗಳೇ.

ಗಾಯಕ್ಕೆ ಸೋಂಕು ತಗುಲಿದಾಗ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತುತ್ತವೆ. ಮೂಳೆ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿಯಷ್ಟು ಇಂಥ ಕಣಗಳನ್ನು ತಯಾರಿಸುತ್ತದೆ. ರೋಗಾಣು ಕೊಲ್ಲಲು ಅವು ಉಗುಳುವ ಕಿಣ್ವಗಳಿಗೆ ನಮ್ಮದು ಪರರದು ಎಂಬ ಭೇದವಿಲ್ಲ. ಹೆಚ್ಚು ಹೊತ್ತು ಉಳಿದರೆ ಪಕ್ಕದ ಅಂಗಾಂಶವೂ ಕರಗುತ್ತದೆ. ಹಾಗಾಗಿ ಆಟ ಬದಲಾಗಬೇಕು. ಊತ ತರುವ ರಾಸಾಯನಿಕಗಳನ್ನು ತಯಾರಿಸುತ್ತಿದ್ದ ಕಣಗಳು ಊತ ತಗ್ಗಿಸುವ ಲಿಪಾಕ್ಸಿನ್ ತಯಾರಿಸಲು ತೊಡಗುತ್ತವೆ. ಹೊಸ ನ್ಯೂಟ್ರೋಫಿಲ್‌ಗಳ ಬರುವಿಕೆ ನಿಲ್ಲುತ್ತದೆ. ಈ ಲಿಪಾಕ್ಸಿನ್‌ಗಳನ್ನು 1984ರಲ್ಲಿ ಸ್ವೀಡನ್‌ನಲ್ಲಿ ಗುರುತಿಸಿದವರು ಚಾರ್ಲ್ಸ್ ಸೆರ್ಹಾನ್ ಮತ್ತು ಸಂಗಡಿಗರು.

ಬಂದಿದ್ದ ನ್ಯೂಟ್ರೋಫಿಲ್‌ಗಳ ಗತಿ? ಅವು ತಾವಾಗಿ ಸಾಯುತ್ತವೆ. ಸಾಯುವ ಮುನ್ನ ಪೊರೆಯ ಒಳಮೈಯಲ್ಲಿ ಅಡಗಿದ್ದ ಫಾಸ್ಫಟೈಡಿಲ್‌ಸೆರಿನ್ ಎಂಬ ಕೊಬ್ಬಿನ ಅಣು ಹೊರಮೈಗೆ ಬರುತ್ತದೆ. ಅದೇ ಗುರುತು ಹಿಡಿದು ಮ್ಯಾಕ್ರೋಫೇಜ್, ಅವು ಒಡೆಯುವ ಮೊದಲೇ, ಅವನ್ನು ನುಂಗುತ್ತದೆ. ನನಗೆ ಎಲ್ಲಕ್ಕಿಂತ ಅಚ್ಚರಿ ಅನಿಸುವುದು ಮುಂದಿನ ಹೆಜ್ಜೆ: ನುಂಗಿದ ಮ್ಯಾಕ್ರೋಫೇಜ್‌ನ ಸ್ವಭಾವವೇ ಬದಲಾಗುತ್ತದೆ. ಕೆರಳಿಸುವ ಸಂದೇಶ ಬಿಟ್ಟು ಇಂಟರ್‌ಲ್ಯೂಕಿನ್-10ರಂಥ ತಣಿಸುವ ಪ್ರೋಟೀನ್ ಹೊರಡಿಸುತ್ತದೆ, ಗಾಯ ಮಾಯುವ ಕೆಲಸಕ್ಕೆ ಕೈಹಾಕುತ್ತದೆ. ಇನ್ನೊಂದು ಬಗೆಯ ಬಿಳಿ ರಕ್ತಕಣ, ನಿಯಂತ್ರಕ ಟಿ-ಕೋಶ, ರಕ್ಷಣಾ ವ್ಯವಸ್ಥೆ ಅತಿರೇಕಕ್ಕೆ ಹೋಗದಂತೆ ಕಾಯುತ್ತದೆ; 1995ರಲ್ಲಿ ಅದನ್ನು ತೋರಿಸಿದ ಜಪಾನಿನ ಶಿಮೊನ್ ಸಕಾಗುಚಿ 2025ರ ನೊಬೆಲ್ ಹಂಚಿಕೊಂಡರು.

ಈ ಆರಿಸುವ ಕೆಲಸಕ್ಕೆ ನಾವೇ ಅಡ್ಡಿಯಾಗಬಹುದು. ಲಂಡನ್‌ನ ಡೆರೆಕ್ ಗಿಲ್ರಾಯ್ ಮತ್ತು ಸಂಗಡಿಗರು 1999ರಲ್ಲಿ ಇಲಿಗಳಲ್ಲಿ ಕಂಡಂತೆ, ಉರಿಯೂತ ಇಳಿಯುವ ಹೊತ್ತಿಗೆ ಕೆಲವು ನೋವುನಿವಾರಕ ಬಗೆಯ ಔಷಧ ಕೊಟ್ಟರೆ ಅದು ಇಳಿಯುವ ಬದಲು ಉಲ್ಬಣಿಸಿತು. ಕೋವಿಡ್ ಕಾಲದಲ್ಲಿ ಆರದ ಉರಿಯೂತದ ಇನ್ನೊಂದು ಮುಖ ಕಂಡಿತು. ತೀವ್ರ ರೋಗಿಗಳ ಶ್ವಾಸಕೋಶದಲ್ಲಿ ಉರಿಯೂತ ಇಳಿಯದೇ ಉಳಿಯುತ್ತಿತ್ತು. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ, ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತೆಂದು ತೋರಿಸಿತು. ಆಮ್ಲಜನಕ ಬೇಕಿಲ್ಲದ ರೋಗಿಗಳಿಗೆ ಅದರಿಂದ ಲಾಭವಾಗಲಿಲ್ಲ. ಆದರೂ 2021ರ ಎರಡನೇ ಅಲೆಯಲ್ಲಿ ಬೇಕಾಬಿಟ್ಟಿ ಸ್ಟಿರಾಯ್ಡ್ ನುಂಗಿದವರಿದ್ದರು. ಸಕ್ಕರೆ ಕಾಯಿಲೆಯ ಜತೆ ಅದೂ ಸೇರಿ ಕಪ್ಪು ಶಿಲೀಂಧ್ರದ ಸೋಂಕಿಗೆ ದಾರಿಯಾಯಿತು. ಎಷ್ಟೋ ಜನ ಕಣ್ಣು ಕಳೆದುಕೊಂಡರು.

ಆದ್ದರಿಂದ ಮೈಯಲ್ಲಿ ಊತವೋ ಜ್ವರವೋ ಕಂಡಾಕ್ಷಣ ಔಷಧದಂಗಡಿಯಿಂದ ಸ್ಟಿರಾಯ್ಡ್ ತಂದು ನುಂಗಬೇಡಿ. ಅದು ಬೇಕೇ, ಬೇಕಾದರೆ ಯಾವ ದಿನದಿಂದ, ಎಷ್ಟು ದಿನ ಎಂಬುದನ್ನು ವೈದ್ಯರು ನಿರ್ಧರಿಸಲಿ.