ನದಿಯ ತಡೆ ಮತ್ತು ನೆರೆ: ಅರ್ಕಾವತಿ ಕಣಿವೆಯ ಹಿನ್ನೆಲೆಯಲ್ಲಿ

ಉಷ್ಣವಲಯದ ಕನ್ನಡನಾಡಿನಲ್ಲಿ ನದಿಗಳು ಹೆಪ್ಪುಗಟ್ಟುವುದಿಲ್ಲ. ಮಂಜುಗಡ್ಡೆಯ ನೆರೆಯನ್ನು ಕುರಿತ ಅಧ್ಯಯನ ಇಲ್ಲಿಗೆ ಅಪ್ರಸ್ತುತವೆಂದು ತೋರುವುದು ಸಹಜ. ಆದರೆ ಬಂದ ನೀರಿನ ಮೊತ್ತದಷ್ಟೇ ಅದರ ದಾರಿಯ ತಡೆಯೂ ನೆರೆಗೆ ಕಾರಣವೆಂಬ ತತ್ತ್ವವನ್ನು ಅದರಷ್ಟು ನಿಚ್ಚಳವಾಗಿ ತಿಳಿಸುವ ನಿದರ್ಶನ ಬೇರೆ ಸಿಗುವುದು ಕಷ್ಟ.

ಶೀತಪ್ರದೇಶದ ನದಿಯಲ್ಲಿ ಹರಿವು ನಿಧಾನವಾಗಿರುವೆಡೆ ಮಂಜುಗಡ್ಡೆಯು ದಡದಿಂದ ಒಳಮುಖವಾಗಿ ಹಾಳೆಯಂತೆ ಹರಡುತ್ತದೆ. ರಭಸದ ಹರಿವಿನಲ್ಲಿ ಕ್ರಮ ಬೇರೆ. ನೀರಿನ ಉಷ್ಣತೆ ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗಿಳಿದಾಗ ಸೂಕ್ಷ್ಮ ಹರಳುಗಳು ಆಳದವರೆಗೂ ಹುಟ್ಟಿ, ಒಂದಕ್ಕೊಂದು ಅಂಟಿ, ತಳದ ಕಲ್ಲುಗಳಿಗೂ ಹತ್ತುತ್ತವೆ. ವಸಂತದಲ್ಲಿ ಈ ಹೊದಿಕೆ ಬಿಸಿಲಿಗೆ ಸವೆದು ಕರಗಿದರೆ ಅಪಾಯ ಕಡಿಮೆ. ಅದು ಗಟ್ಟಿಯಾಗಿರುವಾಗಲೇ ಮೇಲಿನಿಂದ ಕರಗುನೀರು ಏರಿಬಂದರೆ ಚಪ್ಪಡಿಗಳಾಗಿ ಒಡೆದು ಸಾಗಿ, ತಿರುವು, ಇಕ್ಕಟ್ಟು, ಸೇತುವೆಯ ಕಂಬ ಅಥವಾ ಇಳಿಜಾರು ತಗ್ಗುವ ಸ್ಥಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಹಿನ್ನೀರು ಏರುತ್ತದೆ. ತಡೆ ಕಳಚಿದೊಡನೆ ಮುಂದಿನ ಊರುಗಳ ಮೇಲೆ ಪ್ರವಾಹ ನುಗ್ಗುತ್ತದೆ. ಸೈಬೀರಿಯಾದ ಲೇನಾ ನದಿ ಉತ್ತರಕ್ಕೆ ಹರಿಯುವುದರಿಂದ ಅದರ ದಕ್ಷಿಣ ಭಾಗ ಮೊದಲು ಕರಗುತ್ತದೆ. 2001ರ ಮೇ ತಿಂಗಳಿನಲ್ಲಿ ಲೆನ್ಸ್ಕ್ ನಗರ ಹೀಗೆ ಮುಳುಗಿತು. ತಡೆಯನ್ನು ಒಡೆಯಲು ವಿಮಾನದಿಂದ ಬಾಂಬು ಹಾಕಲಾಯಿತು. ಕಾವೇರಿಗೆ ಇಂತಹ ಚಳಿ ಬಂದಿದ್ದರೆ ಕನಕಪುರ ತಾಲ್ಲೂಕಿನ ಮೇಕೆದಾಟುವಿನ ಇಕ್ಕಟ್ಟೇ ಚಪ್ಪಡಿಗಳು ಮೊದಲು ಸಿಕ್ಕಿಬೀಳುವ ಜಾಗವಾಗುತ್ತಿತ್ತೇನೋ!

2007ರಲ್ಲಿ ರಾಮನಗರವೆಂದು ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಜಿಲ್ಲೆಯಲ್ಲಿ ತಡೆಯ ಸ್ವರೂಪ ಭಿನ್ನ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಮಾಗಡಿ ತಾಲ್ಲೂಕಿನ ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಕಡೆಯ ಕಣ್ವ ಶಿಂಷೆಯನ್ನು ಕೂಡುತ್ತದೆ. ಈ ಕಣಿವೆಗಳ ಕೆರೆಗಳು ಸರಪಳಿಯಂತಿವೆ. ಒಂದರ ಕೋಡಿ ನೀರು ಮುಂದಿನ ಕೆರೆಗೆ ಇಳಿಯುತ್ತದೆ. ಮಳೆಗೆ ಬೇರುಸಹಿತ ತೇಲಿಬರುವ ಅಂತರಗಂಗೆ, ಮುಳ್ಳುಕಂಟಿ, ಪ್ಲಾಸ್ಟಿಕ್ಕುಗಳು ಕೋಡಿಯಲ್ಲೂ ಮೋರಿಯ ಬಾಯಲ್ಲೂ ಚಪ್ಪಡಿಗಳಂತೆಯೇ ಒತ್ತೊತ್ತಾಗಿ ನಿಲ್ಲುತ್ತವೆ. ಕಣಿವೆಗೆ ಅಡ್ಡಲಾಗಿ ಎತ್ತರಿಸಿದ ರಸ್ತೆಗೆ ಕಿರಿದಾದ ಮೋರಿ ಇಟ್ಟರೆ ಅದೂ ಒಂದು ಅಣೆಕಟ್ಟೇ. ಮಂಜುಗಡ್ಡೆಯಾದರೂ ತಾನಾಗಿ ಕರಗುತ್ತದೆ, ಇವು ಕರಗುವುದಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ಸುರಿದ ಭಾರಿ ಮಳೆಗೆ ರಾಮನಗರದ ಭಕ್ಷಿ ಕೆರೆಯ ನೀರು ನಗರದ ಬಡಾವಣೆಗಳಿಗೆ ನುಗ್ಗಿತು. ಸಂಗಬಸವನದೊಡ್ಡಿಯ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಜಲಾವೃತವಾಗಿ ವಾಹನಗಳು ಮುಳುಗಿದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೆರೆಯ ಏರಿ ಮಣ್ಣಿನದು. ಕೋಡಿ ಕಟ್ಟಿಕೊಂಡು ನೀರು ಏರಿಯ ಮೇಲೆ ಹತ್ತಿದರೆ ಹೊರಮೈ ಕೊರೆದು ಏರಿಯೇ ಒಡೆಯಬಹುದು. ಮೇಲಿನ ಕೆರೆ ಒಡೆದಾಗ ಸಂಗ್ರಹವಾಗಿದ್ದ ನೀರೆಲ್ಲ ಒಮ್ಮೆಲೇ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಆ ಕೆರೆಯ ಕೋಡಿಯನ್ನು ಅಷ್ಟು ಹರಿವಿಗೆ ಅಳೆದು ಕಟ್ಟಿರುವುದಿಲ್ಲ.