ಜಾವಾ ಕೆಮ್ಮುತ್ತಿದೆಯೇ? ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ



ಕಳೆದ ತಿಂಗಳ ಒಂದು ಭಾನುವಾರ ಮಾಟುಂಗದಿಂದ ಫೋನ್ ಮಾಡಿದ ಕೇಳುಗರೊಬ್ಬರು ಹಾಡು ಕೇಳಲಿಲ್ಲ, ಸಲಹೆ ಕೇಳಿದರು. ಅವರ ತಂದೆ ಮೈಸೂರಿನಿಂದ ಮುಂಬೈಗೆ ಬರುವಾಗ ಜೊತೆಯಲ್ಲೇ ತಂದಿದ್ದ ಹಳೆಯ ಜಾವಾ 250. ತಂದೆ ಈಗಿಲ್ಲ, ಗಾಡಿ ಇದೆ. "ಎರಡು ಕಿಲೋಮೀಟರ್ ಓಡುತ್ತೆ, ನಿಲ್ಲುತ್ತೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಮತ್ತೆ ಓಡುತ್ತೆ. ಮೆಕ್ಯಾನಿಕ್ ಕಾರ್ಬೊರೇಟರ್ ಹೋಗಿದೆ ಅಂತಾನೆ. ಗುಜರಿಗೆ ಹಾಕಿಬಿಡೋದಾ ಸಾರ್?" ಅಂದರು.

ಮೈಸೂರಿನಲ್ಲಿ ಬಿ.ಎ. ಓದಿದವನು ನಾನು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅದು ನಡೆಯುತ್ತಿದ್ದುದನ್ನು ನಾನು ಕಂಡವನಲ್ಲ, ಆದರೆ ಅಲ್ಲಿಂದ ಬಂದ ಗಾಡಿಗಳ ಹಿಂದಿನ ಸೀಟಿನಲ್ಲಿ ಕೂತು ಬೆಳೆದವನು. ಗುಜರಿ ಎಂಬ ಮಾತು ಕೇಳಿ ಹೊಟ್ಟೆ ಚುರುಕ್ ಅಂದಿತು. ಪ್ರಸಾರದ ಮೂರು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರು ನಿಮ್ಮಲ್ಲಿ ಇನ್ನೂ ಹಲವರಿದ್ದೀರಿ ಎಂದು ಬಲ್ಲೆ.

ಪೆಟ್ರೋಲ್ ಸರಿಯಾಗಿ ಇಳಿಯದಿದ್ದರೆ ಎಲ್ಲರೂ ಮೊದಲು ಕೈ ಹಾಕುವುದು ಕಾರ್ಬೊರೇಟರಿಗೆ. ಅದು ದಾರಿಯ ಕೊನೆಯ ಮನೆ. ನೀವು ಮೇಲಿನಿಂದ ಶುರುಮಾಡಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಅದು ಮುಚ್ಚಿಕೊಂಡರೆ ಒಳಗೆ ಗಾಳಿ ಹೋಗದೆ ಪೆಟ್ರೋಲ್ ಕೆಳಗಿಳಿಯುವುದು ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಹೇಗೋ ಗಾಳಿ ನುಸುಳಿ ಗಾಡಿ ಮತ್ತೆ ಓಡುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ಉಸ್ ಎಂದು ಶಬ್ದ ಬಂದು, ತಕ್ಷಣ ಕಿಕ್ಕಿಗೆ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ. ಹಾಗಾಗದೆ, ಪ್ಲಗ್ ಬಿಚ್ಚಿದಾಗ ಅದು ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ ಎಂದರ್ಥ. ಆಗ ಕಿಡಿಯ ಕಡೆ, ಅಂದರೆ ಬಿಸಿಯಾದಾಗ ಕೈಕೊಡುವ ಕಾಯಿಲ್ ಮತ್ತು ಕಂಡೆನ್ಸರ್ ಕಡೆ ನೋಡಬೇಕು.

ಆಮೇಲೆ ಪೈಪು ಕಳಚಿ, ಒಂದು ಬಾಟಲಿ ಹಿಡಿದು ಪೆಟ್ರೋಲ್ ಕಾಕ್ ತಿರುಗಿಸಿ. ಧಾರೆ ಎಡೆಬಿಡದೆ ಬರಬೇಕು. ತೊಟ್ಟಿಕ್ಕಿದರೆ ಕಾಕಿನ ಜಾಲರಿಯಲ್ಲಿ ಟ್ಯಾಂಕಿನ ತುಕ್ಕು ಕೂತಿರುತ್ತದೆ. ಈ ಕೆಲಸ ಹಗಲಲ್ಲಿ, ಬಯಲಲ್ಲಿ ಮಾಡಿ. ಪಕ್ಕದಲ್ಲಿ ದೇವರ ದೀಪವೂ ಬೇಡ, ಸಿಗರೇಟೂ ಬೇಡ.

ಇಷ್ಟಾದ ಮೇಲೆ ಕಾರ್ಬೊರೇಟರ್. ಪೆಟ್ರೋಲ್ ತುಂಬಿ ಹೊರಗೆ ಸುರಿಯುತ್ತಿದ್ದರೆ ಒಂದೋ ಸೂಜಿಯ ಕೆಳಗೆ ಕಸ ಕೂತಿದೆ, ಇಲ್ಲವೇ ಫ್ಲೋಟ್ ತೂತಾಗಿದೆ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಕುಲುಕಿದರೆ ತೂತು ಖಂಡಿತ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಕಾಣುತ್ತದೆ. ಎಕ್ಸಲೇಟರ್ ಬಿಟ್ಟ ಕೂಡಲೇ ಆರಿಹೋಗುವ ಗಾಡಿಯಲ್ಲಿ ಪೈಲಟ್ ಜೆಟ್ ಕಟ್ಟಿರುತ್ತದೆ. ನಿಧಾನಕ್ಕೆ ಚೆನ್ನಾಗಿ ಓಡಿ, ಜೋರು ಮಾಡಿದಾಗ ಮುಗ್ಗರಿಸಿದರೆ ಮೇನ್ ಜೆಟ್ ನೋಡಿ. ಜೆಟ್ಟಿಗೆ ದಯವಿಟ್ಟು ತಂತಿ ಚುಚ್ಚಬೇಡಿ. ಆ ತೂತಿಗೊಂದು ಅಳತೆಯಿದೆ, ಹಿತ್ತಾಳೆ ಮೆದು, ಒಮ್ಮೆ ದೊಡ್ಡದಾದರೆ ಮುಗಿಯಿತು. ಪೆಟ್ರೋಲಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದರೆ ಸಾಕು.

ಇಷ್ಟು ಹುಷಾರು ಯಾಕೆ ಗೊತ್ತೇ? ಜಾವಾ, ಯೆಜ್ಡಿ ಟೂ ಸ್ಟ್ರೋಕ್ ಗಾಡಿಗಳು. ಇಂಜಿನ್ನಿಗೆ ಬೇಕಾದ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ ಬೆರೆತು. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಮೇಲೆ ಬಿಸಿಯೂ ಹೆಚ್ಚು. ಪಿಸ್ಟನ್ ಸೀಜ್ ಆಗಿ, ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಹಿಂದಿನ ಚಕ್ರ ಕಚ್ಚಿಕೊಳ್ಳಬಹುದು. ಪ್ಲಗ್ಗಿನ ಮೂತಿ ಹುರಿದ ಕಾಫಿಬೀಜದ ಬಣ್ಣಕ್ಕಿದ್ದರೆ ನೆಮ್ಮದಿ. ಬೆಳ್ಳಗಿದ್ದರೆ ಓಡಿಸಬೇಡಿ. ಮಸಿಯಂತೆ ಕಪ್ಪಗೆ ಒದ್ದೆಯಿದ್ದರೆ ಪೆಟ್ರೋಲ್ ಜಾಸ್ತಿ, ಅದರಿಂದ ಹೊಗೆ, ಖರ್ಚು ಅಷ್ಟೇ.

ಈಗಿನ ಪೆಟ್ರೋಲಿನ ಮಾತೂ ಇದೆ. 2025ರ ಹೊತ್ತಿಗೆ ದೇಶದಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಾಯಿತು. ನಮ್ಮ ತಾತನ ಕಾಲದ ಕಾರ್ಬೊರೇಟರ್ ಅದನ್ನು ಕಂಡಿರಲಿಲ್ಲ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಥ್ರಾಟಲ್ ಸೂಜಿಯ ಕ್ಲಿಪ್ಪನ್ನು ಒಂದು ಗಾಡಿ ಕೆಳಗಿಳಿಸಿದರೆ ಸೂಜಿ ಮೇಲೇರಿ ಸ್ವಲ್ಪ ಸರಿಹೋಗುತ್ತದೆ, ಆದರೆ ಪ್ಲಗ್ಗಿನ ಬಣ್ಣ ನೋಡದೆ ಹೀಗೆ ಮಾಡಬೇಡಿ. ಹಳೆಯ ರಬ್ಬರ್ ಪೈಪು, ವಾಷರುಗಳು ಇದರಲ್ಲಿ ಉಬ್ಬಿ ಮೆತ್ತಗಾಗುತ್ತವೆ, ಬದಲಿಸಿ. ಎಥೆನಾಲ್ ನೀರನ್ನೂ ಹೀರುತ್ತದೆ. ಮುಂಬೈ, ಚೆನ್ನೈ ಕಡಲ ಗಾಳಿಯಲ್ಲಿ ಮಳೆಗಾಲವಿಡೀ ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಿದರೆ ತಳದಲ್ಲಿ ನೀರು, ತುಕ್ಕು ಎರಡೂ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕ್ ಬರಿದು ಮಾಡಿ, ಕಾಕ್ ಮುಚ್ಚಿ, ತಾನಾಗಿ ಆರುವವರೆಗೆ ಇಂಜಿನ್ ಓಡಿಸಿಬಿಡಿ. ಇಲ್ಲದಿದ್ದರೆ ಪೆಟ್ರೋಲ್ ಆವಿಯಾಗಿ, ಉಳಿದ ಆಯಿಲ್ ಜೆಟ್ಟಿನಲ್ಲಿ ಬೆಲ್ಲದ ಪಾಕದಂತೆ ಅಂಟಿಕೊಳ್ಳುತ್ತದೆ.

ಅಂದಹಾಗೆ, ಮಾಟುಂಗದ ಕೇಳುಗರು ಮತ್ತೆ ಫೋನ್ ಮಾಡಿದ್ದರು. ಮುಚ್ಚಳ ತೆಗೆದಾಗ ಉಸ್ ಎಂದಿತಂತೆ. ಪ್ರತಿ ಆಯುಧಪೂಜೆಗೂ ತಿಕ್ಕಿ ಹಚ್ಚಿದ ಪಾಲಿಶ್ ಆ ತೂತಿನಲ್ಲಿ ಗಟ್ಟಿಯಾಗಿ ಕೂತಿತ್ತು. ಗಾಡಿಯ ಶಬ್ದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಾರೆ. ಬರುವ ಭಾನುವಾರ ಮೊದಲ ಹಾಡಿಗೂ ಮುಂಚೆ ಕೇಳಿಸುತ್ತೇನೆ.